ಎಡಗಡೆಯ ನೀರು

ಅಬ್ಬಾನ ಎಡಗಡೆ ಕೂರುವುದು ಇತ್ತೀಚೆಗೆ ತನಗೆ ಹಿತವಾಗುತ್ತಿದೆ ಎಂಬುದನ್ನು, ಕಾರು ಅಹಮದಾಬಾದು ದಾಟಿದ ಮೇಲೆ, ಶಬನಂ ತನಗೆ ತಾನೇ ಒಪ್ಪಿಕೊಂಡಳು. ಒಪ್ಪಿಕೊಂಡ ಮರುಗಳಿಗೆಗೆ ಕಿವಿ ಬಿಸಿಯಾದವು. ಆ ಮಗ್ಗುಲಲ್ಲಿ ಕೂತರೆ ಅವನ ಪಾಲಿಗೆ ತಾನು ಇಲ್ಲ. ಆಕಳಿಸಬಹುದು, ಕಿಟಕಿಯ ಗಾಜಿಗೆ ಮೂಗು ಒತ್ತಿ ಹೊರಗೆ ನೋಡಬಹುದು, ಯಾವುದೋ ಹಳೆಯ ಅವಮಾನ ನೆನಪಾಗಿ ಮುಖ ಸಿಂಡರಿಸಿದರೂ ಏನಾಯಿತೆಂದು ಯಾರೂ ಕೇಳುವುದಿಲ್ಲ. ನೆಂಟರು ಬಂದಾಗ ಅಕ್ಕಿ ಚೀಲದ ಹಿಂದೆ, ಕಾಲೇಜಿನಲ್ಲಿ ಕಂಬ ಅಡ್ಡ ಬರುವ ಬೆಂಚಿನಲ್ಲಿ, ಹೀಗೆ ಚಿಕ್ಕಂದಿನಿಂದ ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿಕೊಂಡು ಬಂದವಳಿಗೆ ಕೊನೆಗೆ ಸಿಕ್ಕಿದ್ದು ಹೆತ್ತ ತಂದೆಯ ಕಣ್ಣು ಆರಿಹೋದ ಕಡೆ. ಇದನ್ನು ಅವಳು ಡೈರಿಯಲ್ಲೂ ಬರೆದಿರಲಿಲ್ಲ. ಡೈರಿಯಲ್ಲಿ ದಿನಾ ಬರೆಯುತ್ತಿದ್ದದ್ದು ಬೇರೆ: ಬಳ್ಳಾರಿಯ ಕೌಲ್ ಬಜಾರಿನ ಬಿಸಿಲು, ಎದುರುಮನೆಯ ಬೆಕ್ಕು, ಓದಿದ ಪುಸ್ತಕ, ಕೆಲಸಕ್ಕೆ ಹಾಕಿದ ಅರ್ಜಿಗಳ ಮೌನ. ಅಬ್ಬಾನ ವಿಷಯ ಬರೆಯಲು ಕೂತರೆ ಪೆನ್ನು ತಾನೇ ಹವೆಯ ಬಗ್ಗೆ ಬರೆದುಬಿಡುತ್ತಿತ್ತು.

"ಮಾಸ್ತರ್ರ, ನಿಮ್ಮ ಮಗಳು ಬಾಯಿ ಬಳ್ಳಾರ್ಯಾಗ ಬಿಟ್ಟು ಬಂದಾಳೇನ್ರಿ?" ಮುಂದೆ ಡ್ರೈವರಿನ ಪಕ್ಕ ಕೂತಿದ್ದ ಪ್ರಭುಲಿಂಗ ಹಿಂದಕ್ಕೆ ತಿರುಗಿದ. "ಸಮುದ್ರ ನೋಡ್ಬೇಕಂತ ಕೇಳಿದಾಕಿ ಈಕೀನ ಅಂದ್ರ ನನಗ ಇನ್ನೂ ನಂಬಿಕಿ ಬರವಲ್ದು."

"ಕೇಳ್ಲಿಲ್ರಿ ಸಾವ್ಕಾರ್ರ. ಫೋನಿನ್ಯಾಗ ಚಿತ್ರ ತಗದು ತೋರಿಸಿದ್ಳು," ಅಬ್ಬಾ ನಕ್ಕ. "ಬಾಯಿಲೆ ಕೇಳಾದು ಆಕಿ ಹಣ್ಯಾಗ ಬರದಿಲ್ಲ. ಊಟಕ್ಕ ಉಪ್ಪು ಕಮ್ಮಿ ಆದ್ರೂ ಸುಮ್ನ ಉಣ್ತಾಳ."

"ಹಂಗಿದ್ರ ಗಂಡನ ಮನ್ಯಾಗ ಅತ್ತಿ ಪುಣ್ಯ ಮಾಡಿರ್ಬೇಕು ಬಿಡ್ರಿ."

ಇಬ್ಬರೂ ನಕ್ಕರು. ಶಬನಂ ಕೂಡ ನಕ್ಕಳು. ನಗದಿದ್ದರೆ ಅದೂ ಒಂದು ಮಾತಾಗುತ್ತದೆ. ಕುರುಗೋಡಿನ ಪ್ರಭುಲಿಂಗ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಚಿಕ್ಕ ಯೂನಿಟ್ಟು ಇಟ್ಟಾಗಿನಿಂದ ಅಬ್ಬಾ, ಅಂದರೆ ಹುಸೇನಬಾಷಾ, ಅಲ್ಲಿ ಕಟಿಂಗ್ ಮಾಸ್ತರ. ಸೀಜನ್ನಿಗೆ ಮೊದಲು ಇಬ್ಬರೂ ಅಹಮದಾಬಾದಿಗೆ ಬಂದು ಬಟ್ಟೆ ಆರಿಸಿಕೊಂಡು ಹೋಗುವುದು ವಾಡಿಕೆ. ಈ ಸಲ ಅಬ್ಬಾ ಇದ್ದಕ್ಕಿದ್ದಂತೆ, "ಶಬ್ಬೂನ್ನೂ ಕರ್ಕೊಂಡು ಹೊಕ್ಕೀನಿ, ಡಿಗ್ರಿ ಮುಗಿಸಿ ಗೋಡಿ ನೋಡ್ಕೋಂತ ಕುಂತಾಳ, ನಾಕು ಊರು ನೋಡ್ಲಿ" ಎಂದಾಗ ಅಮ್ಮ ಇಮಾಂಬೀ ಹಿಗ್ಗಿ, ರೈಲಿಗೆಂದು ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ಯಾಕೆ ಕರೆದದ್ದೆಂದು ಶಬನಂಗೆ ನಿನ್ನೆ ಗೋದಾಮಿನಲ್ಲಿ ತಿಳಿಯಿತು. ಮಬ್ಬು ಬೆಳಕು, ಗೋಡೆಯುದ್ದಕ್ಕೂ ಸುತ್ತಿಟ್ಟ ನೀಲಿ ಬಟ್ಟೆಯ ಥಾನುಗಳು. ಅಬ್ಬಾ ಒಂದರ ಅಂಚನ್ನು ಬೆರಳಲ್ಲಿ ಹೊಸಕುತ್ತ, ಬಾಯಿ ಅಲುಗಿಸದೆ, "ಇದು ನಿನಗ ಹೆಂಗ ಕಾಣ್ತೈತಿ?" ಎಂದು ಕೇಳಿದ. "ಒಂಚೂರು ಹಸುರು ಹೊಡಿಯಾಕತ್ತೈತಿ," ಎಂದಳು. ಆಗ ಅಬ್ಬಾ ತಲೆ ಎತ್ತಿ, ಇಡೀ ಗೋದಾಮಿಗೆ ಕೇಳುವಂತೆ, "ಸಾವ್ಕಾರ್ರ, ಈ ಥಾನು ಬ್ಯಾಡ. ಹಸುರು ಹೊಡೀತೈತಿ. ವಾಶ್ ಆದ ಮ್ಯಾಲ ಕಾಲೊಂದು ಬಣ್ಣ, ಸ್ವಾಂಟೊಂದು ಬಣ್ಣ ಆಕ್ಕೈತಿ" ಎಂದ. "ನೋಡ್ರಪಾ, ಮಾಸ್ತರ್ ಕಣ್ಣು ಅಂದ್ರ ಕಣ್ಣು!" ಎಂದು ಪ್ರಭುಲಿಂಗ ಗೋದಾಮಿನವರಿಗೆ ಹಿಂದಿಯಲ್ಲಿ ಅದನ್ನೇ ಹೇಳಿದ. ತನ್ನ ಮಾತು ಅಬ್ಬಾನ ದೊಡ್ಡ ದನಿಯಲ್ಲಿ ಹೊರಬಿದ್ದಾಗ ಶಬನಂಗೆ ಮೊದಲು ಆದದ್ದು ಹೆಮ್ಮೆ. ದುಃಖ ಆಮೇಲೆ ಬಂತು, ರಾತ್ರಿ ಊಟದ ಹೊತ್ತಿಗೆ. ಹೆಮ್ಮೆ ಮೊದಲು ಬಂದದ್ದು ಅವಳಿಗೆ ಇನ್ನೂ ಚುಚ್ಚುತ್ತಿತ್ತು.

ರಸ್ತೆಯ ಎರಡೂ ಕಡೆ ಜಾಲಿ, ಉಪ್ಪು ಹತ್ತಿದ ಬೆಳ್ಳಗಿನ ನೆಲ, ದೂರದಲ್ಲಿ ಎಮ್ಮೆಗಳು. ಮನೆಗಳು ತೆಳುವಾಗಿ, ಕೊನೆಗೆ ಇಲ್ಲವೇ ಆದವು. ಅವರು ನೋಡಲು ಹೊರಟಿದ್ದ ಖಂಭಾತ್ ಕೊಲ್ಲಿಯ ನೀರು ದಿನಕ್ಕೆರಡು ಸಲ ಮೂರು ಮಾಳಿಗೆಯ ಮನೆಯಷ್ಟು ಏರಿ ಇಳಿಯುತ್ತದೆಂದು ಅವಳು ಪಾಠದಲ್ಲಿ ಓದಿದ್ದಳು. ಓದಿದಾಗ ಮನಸ್ಸಿಗೆ ಬಂದ ಪ್ರಶ್ನೆಯನ್ನು ಮೇಷ್ಟರಿಗೆ ಕೇಳಲಾಗಿರಲಿಲ್ಲ: ಇಳಿದಾಗ ಅಷ್ಟು ನೀರು ಎಲ್ಲಿಗೆ ಹೋಗುತ್ತದೆ? ಹೋದಮೇಲೆ ಆ ಜಾಗ ಏನಾಗಿರುತ್ತದೆ, ಸಮುದ್ರವೋ ನೆಲವೋ? ನೀರೆಂದರೆ ಅವಳಿಗೆ ಗೊತ್ತಿದ್ದದ್ದು ದೇಶನೂರಿನ ಅಜ್ಜಿಮನೆಯ ಕಾಲುವೆ. ಅಲ್ಲಿ ನೀರಿಗಿಂತ ಮೊದಲು ಸುದ್ದಿ ಬರುತ್ತಿತ್ತು. ಮೇಲಿನ ಊರಿಗೆ ಬಂತಂತೆ, ತೂಬು ಎತ್ತಿದರಂತೆ ಎನ್ನುತ್ತ ಹೆಂಗಸರು ಒಡ್ಡಿನ ಮೇಲೆ ನಿಂತು ಒಂದೇ ದಿಕ್ಕಿಗೆ ನೋಡುತ್ತಿದ್ದರು; ನೋಡನೋಡುತ್ತ ಒಣ ಕಾಲುವೆಯಲ್ಲಿ ಕಸಕಡ್ಡಿ ತಳ್ಳಿಕೊಂಡು ನೊರೆಯ ಮೂತಿ ಬರುತ್ತಿತ್ತು. ಕೆಂಚನಗುಡ್ಡದ ಬಳಿ ಹೊಳೆ ತುಂಬಿದ ವರ್ಷ ಅಬ್ಬಾ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, "ನೀರಿಗೆ ಅಂಜಬಾರ್ದು, ಅದು ಬರೋ ಕಡಿ ಒಂದು ಕಣ್ಣು ಇಟ್ರ ಸಾಕು" ಎಂದಿದ್ದ. ಆಗ ಅಬ್ಬಾನಿಗೆ ಎಲ್ಲ ಕಡೆಯೂ ಕಾಣುತ್ತಿತ್ತು.

ಯಾವಾಗಿನಿಂದ ಕಾಣದಾಯಿತೆಂದು ಅವಳಿಗೆ ಗೊತ್ತಿಲ್ಲ. ಗೊತ್ತಾದದ್ದು ಮಾತ್ರ ಒಂದು ತಂಬಿಗೆಯಿಂದ. ಊಟಕ್ಕೆ ಕೂತವನ ಎಡಕ್ಕೆ ನೀರಿಟ್ಟರೆ ಪ್ರತಿಸಲವೂ ಮೊಣಕೈ ತಾಗಿ ಉರುಳುತ್ತಿತ್ತು; ಅಮ್ಮ "ಏನ್ ಗಡಿಬಿಡಿ ನಿಂದು" ಎಂದು ಬೈದು ಒರೆಸುತ್ತಿದ್ದಳು. ಆಮೇಲೆ ಬಾಗಿಲ ಪಕ್ಕ ನಿಂತವರಿಗೆ ಹಾಯತೊಡಗಿದ. ಓಣಿಯಲ್ಲಿ ಸಲಾಂ ಹೇಳಿದವರಿಗೆ ತಿರುಗಿ ಹೇಳದೆ, ಹುಸೇನಬಾಷಾಗೆ ಸೊಕ್ಕು ಬಂದಿದೆ ಎನ್ನಿಸಿಕೊಂಡ. ಹೋದ ತಿಂಗಳು ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು, ಡಬ್ಬಿ ಮುಚ್ಚಳ ತಾಗಿತು ಎಂದ. ಅವಳಿಗೆ ಕಟಿಂಗ್ ಮೇಜು ಗೊತ್ತು. ಮನೆಯುದ್ದದ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರ ಹಾಸಿ, ಮೇಲೆ ರಟ್ಟಿನ ನಮೂನೆ ಇಟ್ಟು ಚಾಕಿನಲ್ಲಿ ಗೆರೆ ಎಳೆದು, ಬಲಗೈಯಲ್ಲಿ ಕೊಯ್ಯುವ ಮಷೀನು ದೂಡುತ್ತಾರೆ. ಬಟ್ಟೆ ಸರಿಯದಂತೆ ಎಡಗೈ ಅಲಗಿನ ಮುಂದೆ ಮುಂದೆ ಸವರಿಕೊಂಡು ಹೋಗಬೇಕು. ಆ ಎಡಗೈ ಈಗ ಅವನಿಗೆ ಕಾಣದ ಕಡೆ ಇತ್ತು. ಅವಳು ಒಬ್ಬಳೇ ಕಣ್ಣಿನ ಡಾಕ್ಟರ ಬಳಿ ಹೋಗಿ, ಪರಿಚಯದವರೊಬ್ಬರಿಗೆ ಹೀಗಾಗುತ್ತಿದೆ ಎಂದು ಮೇಜಿಗೆ ಹೇಳಿಕೊಂಡಂತೆ ಹೇಳಿದ್ದಳು. ಡಾಕ್ಟರು ಕನ್ನಡಕ ತೆಗೆದು, "ಪರಿಚಯದವರನ್ನ ಬೇಗ ಕರ್ಕೊಂಡು ಬಾಮ್ಮ. ಒಳಗ ಒತ್ತಡ ಏರಿದ್ರ ಬದಿಯಿಂದ ಕಣ್ಣು ಮುಚ್ಕೊಂತ ಬರ್ತೈತಿ, ಬಣ್ಣನೂ ಮಸಕಾಗ್ತೈತಿ. ಹೋಗಿದ್ದು ತಿರುಗಿ ಬರಂಗಿಲ್ಲ, ಉಳಿದದ್ದನ್ನ ಹನಿ ಹಾಕಿ ಹಿಡ್ಕೋಬಹುದು" ಎಂದಿದ್ದರು. ಬೇಗ ಎಂಬ ಮಾತಿನ ಮೇಲೆ ದಿನಗಳು ಕೂತುಕೊಳ್ಳುತ್ತಿದ್ದವು. ಬೆಳಿಗ್ಗೆ ಎದ್ದು ಹೇಳಬೇಕೆಂದುಕೊಳ್ಳುವಳು. ಅಬ್ಬಾ ಕನ್ನಡಿಯ ಮುಂದೆ ನಿಂತು ಗಡ್ಡ ಬಾಚಿಕೊಳ್ಳುತ್ತ ಗುನುಗುತ್ತಿರುವನು. ಆ ಗುನುಗು ನಿಲ್ಲಿಸುವ ಧೈರ್ಯ ಸಾಲದು. ಅಬ್ಬಾ ಯಾಕೆ ಅಡಗಿಸುತ್ತಿದ್ದಾನೆಂದೂ ಅವಳಿಗೆ ಗೊತ್ತಿತ್ತು. ಯೂನಿಟ್ಟಿನ ಬಾಗಿಲಲ್ಲಿ ಎರ್ರೆಪ್ಪ ಎಂಬ ಮುದುಕ ಕೂತಿರುತ್ತಾನೆ. ಒಂದು ಕಾಲಕ್ಕೆ ಇಡೀ ಬಜಾರಿಗೆ ದೊಡ್ಡ ಕಟಿಂಗ್ ಮಾಸ್ತರ. ಕಣ್ಣು ಮಂಜಾದ ಮೇಲೆ ಹೆಂಗಸರ ಜೊತೆ ಕೂತು ಹೊಲಿದ ಪ್ಯಾಂಟಿನ ದಾರ ಕತ್ತರಿಸುತ್ತಾನೆ. ಹೊಲಿಯುವ ಹುಡುಗರು ಹೋಗುತ್ತ ಬರುತ್ತ, "ದಾರದ ತಾತಾ, ನನ್ನ ಮೀಸಿ ಒಂದೀಟು ಕತ್ತರಿಸು ಲೇ" ಎನ್ನುತ್ತಾರೆ. ಜೋರಾಗಿ ನಗುವವರಲ್ಲಿ ಅಬ್ಬಾನೂ ಒಬ್ಬನಾಗಿದ್ದ, ಹಿಂದೆ. ಈಗೀಗ ನಗುತ್ತಿರಲಿಲ್ಲ.

ಕಾರು ನಿಂತಿತು. ರಸ್ತೆ ಮುಗಿದಿತ್ತು. ತಗಡಿನ ಚಹಾ ಅಂಗಡಿ, ಮುರಿದ ಕಟ್ಟೆ, ಅದರಾಚೆ ಸಮುದ್ರ ಇರಬೇಕಾದಲ್ಲಿ ಏನೂ ಇರಲಿಲ್ಲ.

ಏನೂ ಇಲ್ಲ ಎಂಬುದು ಇಷ್ಟು ದೊಡ್ಡದಾಗಿರಬಹುದೆಂದು ಶಬನಂ ಎಣಿಸಿರಲಿಲ್ಲ. ಕಣ್ಣು ಹೋಗುವವರೆಗೂ ಕಂದು ಬಣ್ಣದ ಹಸಿ ನೆಲ, ಅದರ ಮೇಲೆ ಆಕಾಶದ ಹೊಳಪು, ಅಲ್ಲಲ್ಲಿ ಮಗ್ಗುಲಾಗಿ ಮಲಗಿದ ದೋಣಿಗಳು. ದೋಣಿಯ ಹಗ್ಗಗಳು ಒಣ ಕಟ್ಟೆಗೆ ಬಿಗಿದಿದ್ದವು. ಯಾರೋ ದೊಡ್ಡ ಮನೆಯವರು ಸಾಮಾನೆಲ್ಲ ಹಾಗೇ ಬಿಟ್ಟು, ಈಗ ಬರುತ್ತೇವೆಂದು ಎದ್ದುಹೋದಂತಿತ್ತು. ಅವರು ಇಲ್ಲದಾಗ ಒಳಗೆ ಹೊಕ್ಕು ನೋಡುವ ಆಸೆ ಅವಳ ಅಂಗಾಲಿನಲ್ಲಿ ಹುಟ್ಟಿತು.

"ಇದಾ ಸಮುದ್ರ? ಇದನ್ನ ನೋಡಾಕ ನಮ್ಮ ಬೆನ್ನು ಮುರಕೊಂಡು ಬಂದ್ವಿ?" ಪ್ರಭುಲಿಂಗ ಸೊಂಟ ಹಿಡಿದುಕೊಂಡ. "ನಮ್ಮೂರ ಕಡಿ ಮೋಕಾದ ಗದ್ಯಾಗ ಬಿಟ್ಟಿದ್ರೂ ಇಷ್ಟಾ ಕೆಸರು ಇರ್ತಿತ್ತಲ್ಲೇ ತಂಗಿ!"

ಚಹಾ ಅಂಗಡಿಯ ಹೆಂಗಸು ಮುರುಕು ಹಿಂದಿಯಲ್ಲಿ, ಇಳಿಯುವುದಿದ್ದರೆ ಹತ್ತಿರದಲ್ಲೇ ನೋಡಿ ಬೇಗ ಬನ್ನಿ ಎಂದಳು. ಅಬ್ಬಾ ಅಷ್ಟರಲ್ಲಿ ಚಪ್ಪಲಿ ಬಿಟ್ಟು ಪೈಜಾಮ ಮಡಚುತ್ತಿದ್ದ. "ನಾವು ಭತ್ತದ ನಾಡಿನವ್ರು ಬೆಹನ್," ಎಂದು ನಗುತ್ತ ಅವಳಿಗೆ ಹೇಳಿ, ಕನ್ನಡದಲ್ಲಿ ಮುಂದುವರಿಸಿದ: "ಕೆಸರು ನಮಗ ಹೊಸಾದಾ? ಹೆಬ್ಬಟ್ಟು ಮೊದ್ಲು ಊರಬೇಕು, ಹಿಮ್ಮಡ ಆಮ್ಯಾಲ. ಬರ್ರಿ ಸಾವ್ಕಾರ್ರ. ಶಬ್ಬೂ, ಬಾ." ಬಲೆ ಕಟ್ಟುವ ಗೂಟಗಳ ಒಂದು ಸಾಲು ದೂರದವರೆಗೂ ಹೋಗಿತ್ತು. ಅದರ ಗುಂಟ ಅಬ್ಬಾ ಮುಂದೆ ನಡೆದ. ನೇರ ಎದುರಿಗೆ ನೋಡಿಕೊಂಡು ನಡೆಯುವಾಗ ಅವನಷ್ಟು ಗಟ್ಟಿಗ ಯಾರೂ ಇಲ್ಲವೆನಿಸುತ್ತಿತ್ತು. ತಾನು ತೋರಿಸಿದ ಚಿತ್ರಕ್ಕಾಗಿ ಇಷ್ಟು ದೂರ ಕರೆತಂದನಲ್ಲ ಎಂದುಕೊಂಡು ಅವಳು ಅವನ ಹೆಜ್ಜೆಗುರುತಿನಲ್ಲೇ ಹೆಜ್ಜೆ ಇಟ್ಟಳು. ಗೋದಾಮಿನಲ್ಲಿ ಪಿಸುಗುಟ್ಟಿದ್ದಕ್ಕೆ ಇದು ಅವನು ಕೊಟ್ಟ ಕೂಲಿಯೇ ಎಂಬ ಕೆಟ್ಟ ಯೋಚನೆಯೂ ಬಂತು. ಅದನ್ನು ಕೆಸರಿನಲ್ಲಿ ತುಳಿದು ಮುಂದೆ ಹೋದಳು.

ಕೆಸರು ತಣ್ಣಗಿತ್ತು, ಮೇಲೆ ಮೆತ್ತಗೆ, ಒಳಗೆ ಗಟ್ಟಿ. ಅದರ ಮೇಲೆ ನೀರು ಬಿಟ್ಟುಹೋದ ಸಣ್ಣ ಸಣ್ಣ ಮಡಿಕೆಗಳು, ಒದ್ದೆ ಬಟ್ಟೆ ಹಿಂಡಿ ಹಾಸಿದ ಹಾಗೆ. ಪುಟ್ಟ ತೂತುಗಳಿಂದ ಏಡಿಗಳು ಇಣುಕಿ, ಅವಳ ನೆರಳು ಬಿದ್ದೊಡನೆ ಎಲ್ಲ ಒಟ್ಟಿಗೆ ಒಳಗೆ ಹೋದವು. ಎಷ್ಟು ನಾಚಿಕೆ ಇವಕ್ಕೆ ಎಂದುಕೊಂಡು ಅವಳು ಕುಕ್ಕರಗಾಲಲ್ಲಿ ಕೂತಳು. ಅಲುಗಾಡದೆ ಕೂತರೆ ಮತ್ತೆ ಬರುತ್ತಿದ್ದವು. ಬೆರಳುದ್ದದ ಒಂದು ಮೀನು, ನಿಜವಾಗಿಯೂ ಮೀನು, ರೆಕ್ಕೆಗಳನ್ನು ಮೊಣಕೈಯಂತೆ ಊರಿ ಕೆಸರ ಮೇಲೆ ನಡೆದು ಹೋಯಿತು. ಅದರ ಕಣ್ಣುಗಳು ನೆತ್ತಿಯ ಮೇಲೆ ಉಬ್ಬಿಕೊಂಡು ಎಲ್ಲ ಕಡೆಗೂ ಹೊರಳುತ್ತಿದ್ದವು. ನೀರಲ್ಲಿ ಇರಬೇಕಾದದ್ದು ನೀರು ಹೋದಮೇಲೂ ಹೀಗೆ ಬದುಕು ಮಾಡಿಕೊಂಡಿದೆ. ಇದು ಪಾಠದಲ್ಲಿ ಇರಲಿಲ್ಲ. ಅವಳಿಗೆ ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು. ತಲೆ ಎತ್ತಿದರೆ ಅಬ್ಬಾ ಮತ್ತು ಪ್ರಭುಲಿಂಗ ಸಾಕಷ್ಟು ಮುಂದೆ ಹೋಗಿದ್ದರು. ಕೂಗಿದರೆ ತನ್ನ ದನಿ ಈ ಬಯಲಿನಲ್ಲಿ ಹೇಗೆ ಕೇಳಿಸೀತೋ ಎಂದು ಅಳುಕಿ ಎದ್ದು ಓಡಿದಳು.

ಅವರನ್ನು ಸೇರುವ ಹೊತ್ತಿಗೆ ಒಂದು ಸದ್ದು ಶುರುವಾಗಿತ್ತು. ವಾಶಿಂಗ್ ಯೂನಿಟ್ಟಿನ ಮೋರಿಯಲ್ಲಿ ಸೋಪಿನ ನೊರೆ ಒಡೆಯುವಂತಹ ಸಣ್ಣ ಚಿರಚಿರ. ತೂತುಗಳಿಂದ ಗುಳ್ಳೆ ಏಳುತ್ತಿದ್ದವು. ಅಬ್ಬಾ ಮತ್ತು ಪ್ರಭುಲಿಂಗ ಇಬ್ಬರೂ ಎದುರಿಗೆ, ಸಮುದ್ರ ಹೋದ ದಿಕ್ಕಿಗೆ, ಮುಖ ಮಾಡಿ ನಿಂತಿದ್ದರು, ದೇಶನೂರಿನ ಒಡ್ಡಿನ ಮೇಲೆ ನಿಂತವರ ಹಾಗೆ.

"ನೀರು ಬರಾಕತ್ತೈತೇನ್ರಿ ಮಾಸ್ತರ್ರ? ಏನೋ ಸಪ್ಪಳ ಕೇಳ್ತೈತಿ. ನನ್ನ ಕನ್ನಡಕ ಕಾರ್ನ್ಯಾಗಾ ಉಳೀತು."

"ಎಲ್ಲಿ ಬರ್ತೈತ್ರಿ. ಇನ್ನೂ ಅಷ್ಟು ದೂರ ಗೆರಿ ಎಳದಂಗ ಐತಿ ನೋಡ್ರಿ. ಅಲ್ಲಿಂದ ಹೊಂಟ್ರ ನಮಗ ಕಾಣಂಗಿಲ್ಲೇನು?"

ಎದುರಿಗೆ ನಿಜವಾಗಿಯೂ ನೀರು ದೂರವಿತ್ತು. ಶಬನಂ ಎಡಕ್ಕೆ ನೋಡಿದಳು. ಅಲ್ಲಿ, ಅವರು ಬರುವಾಗ ಒಣಗಿದ್ದ ಒಂದು ತಗ್ಗಿನ ದಾರಿಯಲ್ಲಿ, ಕಂದು ನೀರಿನ ನಾಲಿಗೆಯೊಂದು ಸದ್ದಿಲ್ಲದೆ ದಡದ ಕಡೆಗೆ ಹೋಗುತ್ತಿತ್ತು. ಸಮುದ್ರದಿಂದ ಅವರ ಕಡೆಗಲ್ಲ. ಅವರನ್ನು ದಾಟಿ, ಅವರ ಹಿಂದಕ್ಕೆ. ಅದು ಒಂದು ಕಡೆ ಕವಲೊಡೆಯಿತು, ತಗ್ಗು ತುಂಬಿತು, ಸ್ವಲ್ಪ ನಿಂತು ಯೋಚಿಸಿದಂತೆ ಮಾಡಿ ಮತ್ತೆ ಹೊರಟಿತು. ಏಡಿಯ ತೂತುಗಳು ಒಂದೊಂದೇ ಮುಳುಗಿದವು. ಎಷ್ಟು ಚೆಂದವಿತ್ತೆಂದರೆ ಅವಳು ನೋಡುತ್ತ ನಿಂತುಬಿಟ್ಟಳು. ಹೀಗೋ ಇದು ಬರುವುದು, ಹೀಗೋ. ಹೇಳಬೇಕು ಎಂಬುದು ತಿಳಿಯುತ್ತಲೇ ಇತ್ತು. ಹೇಳಲು ಬಾಯಿ ಬಾರದ್ದು ಎಂದಿನ ರೋಗ. ಆದರೆ ಇವತ್ತು ಅದರೊಳಗೆ ಇನ್ನೊಂದು ಸೇರಿತ್ತು. ಇನ್ನಷ್ಟು ನೋಡುವ ಆಸೆ. ನೀರು ಅಬ್ಬಾನ ಎಡಗಾಲಿನಿಂದ ಒಂದು ಮಾರು ದೂರಕ್ಕೆ ಬಂತು. ಅಬ್ಬಾ ಎದುರಿನ ಗೆರೆಯನ್ನೇ ನೋಡುತ್ತ, ಹೊಳೆಯ ಪ್ರವಾಹದ ಕತೆ ಹೇಳುತ್ತಿದ್ದ. ನೀರು ಕಾಲಿಗೆ ತಾಗುವವರೆಗೂ ಅದು ಅವನಿಗೆ ಇಲ್ಲ. ತಾನು ಇಲ್ಲದಿದ್ದ ಹಾಗೆಯೇ. ಆ ಹಿತವಾದ ಜಾಗದಲ್ಲಿ ಈಗ ತನ್ನ ಜೊತೆ ನೀರೂ ಬಂದು ನಿಂತಿದೆ ಎಂದು ಹೊಳೆದದ್ದೇ ಅವಳ ಕೈ ತಾನಾಗಿ ಚಾಚಿ ಅಬ್ಬಾನ ಕೈ ಹಿಡಿದು ಎಳೆಯಿತು.

"ಏ, ಏನಿದು! ಬಿಡು ಶಬ್ಬೂ!"

ಅವಳು ಬಿಡಲಿಲ್ಲ, ಮಾತೂ ಆಡಲಿಲ್ಲ. ಎರಡೂ ಕೈಯಿಂದ ದಡದ ಕಡೆಗೆ ಎಳೆದಳು. ತಿರುಗಿ ನೋಡಿದ ಪ್ರಭುಲಿಂಗ, "ಯಪ್ಪಾ! ಹಿಂದ ನೋಡ್ರಿ, ಹಿಂದ!" ಎಂದು ಚೀರಿ ಅವರಿಗಿಂತ ಮೊದಲೇ ಓಡಿದ. ಬರುವಾಗ ಹಾರಿ ದಾಟಿದ್ದ ತಗ್ಗು ಈಗ ತೊಡೆಯವರೆಗೆ ತುಂಬಿ ಸೆಳೆಯುತ್ತಿತ್ತು. ಪ್ರಭುಲಿಂಗ ಅದರಲ್ಲಿ ಒಮ್ಮೆ ಕುಸಿದು ಎದ್ದ. ಅಬ್ಬಾ ನೀರಿಗಿಳಿದ ಕೂಡಲೆ ಹಳೆಯ ಅಬ್ಬಾನಾದ. ಕಾಲಿನ ಹೆಬ್ಬೆರಳು ಊರಿ, ಸೆಳವಿಗೆ ಓರೆಯಾಗಿ ನಿಂತು, ಅವಳನ್ನೇ ತೋಳಿನಿಂದ ಎತ್ತಿ ಹಿಡಿದ. ಯಾರು ಯಾರನ್ನು ದಾಟಿಸಿದರೆಂದು ಆಮೇಲೆ ಅವಳಿಗೆ ಹೇಳಲಾಗಲಿಲ್ಲ. ಕಟ್ಟೆ ಹತ್ತಿ ತಿರುಗಿದಾಗ ಗೂಟಗಳ ಸಾಲು ಅರ್ಧ ಮುಳುಗಿತ್ತು, ಮಲಗಿದ್ದ ದೋಣಿಯೊಂದು ಮೆಲ್ಲನೆ ಎದ್ದು ನೆಟ್ಟಗಾಗುತ್ತಿತ್ತು.

ಅಂಗಡಿಯ ಹೆಂಗಸು ಬೈದುಕೊಂಡೇ ಚಹಾ ಕೊಟ್ಟಳು. ಪ್ರಭುಲಿಂಗ ಒಂದು ಗುಟುಕು ಕುಡಿದು ತನ್ನ ಒದ್ದೆ ಪ್ಯಾಂಟು ನೋಡಿಕೊಂಡ. ಆಗ ಅವನಿಗೆ ನಗು ಬಂತು.

"ನನ್ನ ಜೀನ್ಸಿಗೆ ಪುಗಸಟ್ಟೆ ವಾಶ್ ಆತು ನೋಡ್ರಿ ಮಾಸ್ತರ್ರ. ಅಲ್ರೀ, ನೀವು ಮುಂದ ಇದ್ದು ನಿಮಗ ಕಾಣ್ಲಿಲ್ಲೇನು?"

ಅಬ್ಬಾ ಪೈಜಾಮ ಹಿಂಡುತ್ತ ತಲೆ ಎತ್ತಲಿಲ್ಲ. "ಕಾಣ್ದೇನ್ರಿ. ಕಂಡಿತ್ತು. ಒಂದೀಟು ತಡದು ಹೋಗೂಣಂತ ಇದ್ದೆ. ಅಷ್ಟ್ರಾಗ ಈಕಿ ಅಂಜಿಬಿಟ್ಳು. ಸಣ್ಣಾಕಿ ಇದ್ದಾಗಿಂದ ಹಂಗಾ, ನೀರು ಕಂಡ್ರ ನಡಗ್ತಾಳ."

"ಅದೂ ಖರೇನಾ. ಮಾಸ್ತರ್ ಕಣ್ಣಿಗೆ ತಪ್ಪೂದುಂಟಾ!" ಪ್ರಭುಲಿಂಗ ಚಹಾ ಸೊರ್ರನೆ ಎಳೆದ. "ಅಂದಂಗ ಊರಿಗೆ ಹೋದ ಕೂಡ್ಲೆ ದೊಡ್ಡ ಮಷೀನು ಬರ್ತೈತ್ರಿ. ಈಗಿನಕಿಂತ ಎರಡು ಪಟ್ಟು ಪದರ ಒಂದಾ ಸಲಕ್ಕ ಕೊಯ್ತೈತಿ. ಅಲಗು ಹಿಂಗ ಐತಿ, ನೋಡಿದ್ರ ಹೆದರಿಕಿ ಬರಬೇಕು. ಬ್ಯಾರೆ ಯಾರ ಕೈಯಾಗೂ ಕೊಡಂಗಿಲ್ಲ ನಾನು. ನೀವಾ ಹಿಡೀಬೇಕು."

"ಹಿಡಿಯೂಣ್ರಿ," ಎಂದ ಅಬ್ಬಾ. ಲೋಟ ಇಡಲು ಎಡಗೈ ಚಾಚಿದ. ಬೆಂಚಿನ ಅಂಚು ಎಲ್ಲಿದೆಯೆಂದು ಆ ಕೈ ಗಾಳಿಯಲ್ಲಿ ಒಂದು ಕ್ಷಣ ತಡಕಿತು, ಹೆಬ್ಬೆರಳಿನ ಮೇಲೆ ಇನ್ನೂ ಕೆಂಪಗಿದ್ದ ಹೊಸ ಚರ್ಮ. ಪ್ರಭುಲಿಂಗ ಅದನ್ನು ನೋಡಲಿಲ್ಲ. ಅವನು ಸಮುದ್ರ ನೋಡುತ್ತಿದ್ದ. ನೋಡಿದವಳು ಅವಳೊಬ್ಬಳೇ. ಇಷ್ಟು ದಿನ ಎಲ್ಲವನ್ನೂ ನೋಡಿದವಳು ಅವಳೊಬ್ಬಳೇ. ನಾಚಿಕೆ ಎಂದು ಎಲ್ಲರೂ ಮೆಚ್ಚುವ ತನ್ನ ಮೌನ ಹೇಗಿರುತ್ತದೆಂದು ಈಗ ತಾನೇ ಕಣ್ಣಾರೆ ಕಂಡಿದ್ದಳು: ಸದ್ದಿಲ್ಲದೆ ತಗ್ಗು ಹಿಡಿದು ಹಿಂದಿನಿಂದ ತುಂಬುತ್ತ ಬರುತ್ತದೆ. ಈಗ ಹೇಳಿದರೆ ಸಾಹುಕಾರನಿಗೆ ತಿಳಿಯುತ್ತದೆ. ಬಾಗಿಲ ಪಕ್ಕದ ಎರ್ರೆಪ್ಪನ ಜೊತೆ ಇನ್ನೊಂದು ಚಾಪೆ ಬೀಳಬಹುದು. ಅಬ್ಬಾ ಮನೆಗೆ ಹೋಗುವವರೆಗೂ, ಮನೆಗೆ ಹೋದ ಮೇಲೂ, ಮುಖ ಕೊಟ್ಟು ಮಾತಾಡದೆ ಇರಬಹುದು. ಹೇಳದಿದ್ದರೆ ಅಲಗು ಇದೆ, ಮುಚ್ಚಿಕೊಳ್ಳುತ್ತ ಬರುವ ಉಳಿದ ಬೆಳಕು ಇದೆ. ಕಟ್ಟೆಯ ಕೆಳಗೆ ನೀರು ಬಂದು ಕಲ್ಲಿಗೆ ತಾಗಿತು. ತನ್ನ ದನಿ ಗಟ್ಟಿಯಾಗಿ ಹೊರಬಂದರೆ ಹೇಗಿರುತ್ತದೆ ಎಂಬ ವಿಚಿತ್ರ ಕುತೂಹಲ, ಕೆಸರಿಗೆ ಮೊದಲ ಹೆಜ್ಜೆ ಇಡುವಾಗ ಇದ್ದಂಥದೇ, ಅವಳನ್ನು ಬೆಂಚಿನಿಂದ ಎಬ್ಬಿಸಿತು.

ಅವಳು ಸುತ್ತು ಹಾಕಿ ಹೋಗಿ ಅಬ್ಬಾನ ಎದುರಿಗೆ, ಅವನಿಗೆ ಕಾಣುವಲ್ಲಿ, ನಿಂತಳು.

"ಅಬ್ಬಾ, ನಾ ಅಂಜಿ ಎಳೀಲಿಲ್ಲ," ಎಂದಳು. ಅಂಗಡಿಯ ಹೆಂಗಸೂ ತಿರುಗಿ ನೋಡುವಷ್ಟು ಜೋರಾಗಿತ್ತು ದನಿ. "ನಿನಗ ನೀರು ಕಾಣ್ಲಿಲ್ಲ. ಎಡ ಬಾಜೂಕ ಇದ್ದದ್ದು ನಿನಗ ಏನೂ ಕಾಣಂಗಿಲ್ಲ."